ಸ್ಟೂಲು ಪಂಡಿತರು

ಮಲ್ಪೆ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್ ಸಿಗದಿರಬಹುದು, ಸ್ಟೂಲು ಪಂಡಿತರು ಸಿಕ್ಕೇ ಸಿಗುತ್ತಾರೆ. ಅವರಿಗೆ ಸ್ವಂತ ಗಾಡಿಯಿಲ್ಲ, ಅಲ್ಲಿ ಕೆಲಸವೂ ಇಲ್ಲ. ಇಸ್ತ್ರಿ ಕೆಡದ ಅಂಗಿ, ಕೈಯಲ್ಲಿ ಅರ್ಧ ಲೋಟ ಚಹಾ. ಮೀನು ಸಾಗಿಸುವ ಹಳೆಯ ಪಿಕಪ್ಪೊಂದು ಹಿಂದಿನ ಲೀಫ್ ಸ್ಪ್ರಿಂಗ್ ಮುರಿದುಕೊಂಡು ಬಂತೆಂದರೆ ಅವರಿಗೆ ಹಬ್ಬ. ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ತೊಟ್ಟಿಕ್ಕಿ ಅಲ್ಲಿನ ಬೋಲ್ಟು ಜಾಮ್ ಆಗಿರುತ್ತದೆ. “ಎರಡು ಪೆಟ್ಟು ಹಾಕು ಮಾರಾಯ, ಬರ್ತದೆ” ಎಂಬುದು ಮೊದಲ ಸಲಹೆ. ಬರುವುದಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸು ಎಂಬುದು ಎರಡನೆಯದು. ನಟ್ಟು ಬಿಡುತ್ತದೆ, ಬೋಲ್ಟು ಮಾತ್ರ ತಿರುಗಿಸಿದಷ್ಟೂ ತಿರುಗಿ, ಒಂದು ನೂಲಿನಷ್ಟೂ ಹೊರಗೆ ಬಾರದೆ ಕೂತಿರುತ್ತದೆ.

ಇಂಥವರಿಂದ ಕೆಲಸ ಕೆಡುತ್ತದೆ ಎಂಬುದು ಲೋಕದ ದೂರು. ಹಿಡಿದುಕೊಂಡ ಬೋಲ್ಟಿಗೆ ಬೇಕಾದ ಮುಖ್ಯ ಔಷಧ ಇವರ ಬಾಯಲ್ಲೇ ಇದೆ ಎಂಬುದು ನನ್ನ ವಾದ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಬೋಲ್ಟಿಗೂ ಅದು ತೂರಿ ಹೋಗುವ ಬುಷ್ಷಿನ ಉಕ್ಕಿನ ಕೊಳವೆಗೂ ನಡುವೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಎರಡೂ ಬಿಗಿದು ಒಂದಾಗುತ್ತವೆ; ಬೋಲ್ಟು ತಿರುಗಿತೆಂದು ಮಾಲೀಕ ಹಿಗ್ಗುವಾಗ ಒಳಗೆ ಕೊಳವೆ ಸಮೇತ ರಬ್ಬರು ತಿರುಚಿಕೊಳ್ಳುತ್ತಿರುತ್ತದೆ. ಆ ಸಂದಿಗೆ ಎಣ್ಣೆಯನ್ನು ದಬ್ಬಿ ಕಳಿಸಲಾಗದು, ಅದು ತಾನಾಗಿ ಜಿನುಗಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಕಾಯುವುದೂ ಕೆಲಸವೆಂದು ಬಾಡಿಗೆ ತಪ್ಪಿದ ಮಾಲೀಕನಿಗೆ ಒಪ್ಪಿಸುವವರು ಯಾರು? ಪಂಡಿತರು ಡಬ್ಲ್ಯೂಡಿ-40 ಎಂಬ ಆ ಎಣ್ಣೆಯ ಚರಿತ್ರೆ ತೆಗೆಯುತ್ತಾರೆ: 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು, ಅಟ್ಲಾಸ್ ಕ್ಷಿಪಣಿಗೆ ಬಳಿದದ್ದು. (ಬಳಿದದ್ದು ತುಕ್ಕು ಬಾರದಿರಲೆಂದು, ಬಂದ ತುಕ್ಕು ಬಿಡಿಸಲಿಕ್ಕಲ್ಲ ಎಂಬುದನ್ನು ನುಂಗಿಕೊಳ್ಳುತ್ತಾರೆ.) ಕ್ಷಿಪಣಿ ಹಾರುವಷ್ಟರಲ್ಲಿ ಎಣ್ಣೆ ಇಳಿದಿರುತ್ತದೆ.

ಪೈಪಿನ ಸಲಹೆಯಿಂದ ಬೋಲ್ಟೇ ತುಂಡಾದರೆ ಎಂದು ಕೇಳಬಹುದು. ಆಗಲಿ. ಅಷ್ಟು ತುಕ್ಕು ತಿಂದದ್ದನ್ನು ಮತ್ತೆ ಹಾಕುವವರು ಯಾರು? ಉಳಿಯಬೇಕಾದದ್ದು ಚಾಸಿಗೆ ಕೂರಿಸಿದ ಬ್ರಾಕೆಟ್ಟು. ಬೋಲ್ಟು ಎಣ್ಣೆಗೂ ಬಗ್ಗದಿದ್ದರೆ ಮೆಕ್ಯಾನಿಕ್ಕೇ ಬ್ರಾಕೆಟ್ಟಿಗೂ ಬುಷ್ಷಿಗೂ ನಡುವೆ ಬ್ಲೇಡು ಇಳಿಸಿ, ಎರಡೂ ಕಡೆ ಕತ್ತರಿಸಿ ಎಸೆಯುತ್ತಾನೆ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸು ಎಂಬ ಸಲಹೆಗೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ. ಶಾಖಕ್ಕೆ ತುಕ್ಕಿನ ಹಿಡಿತ ಸಡಿಲುವುದು ನಿಜ. ಆದರೆ ಪಕ್ಕದಲ್ಲೇ ರಬ್ಬರು, ಬ್ರೇಕಿನ ಪೈಪು, ಡೀಸೆಲ್ ಟ್ಯಾಂಕು ಇರುತ್ತವೆ. ಆ ಹೊತ್ತಿಗೆ ಪಂಡಿತರನ್ನು ಇನ್ನೊಂದು ಚಹಾಕ್ಕೆ ಕಳಿಸುವುದು ಗ್ಯಾರೇಜಿನ ರಾಜನೀತಿ.

ಅವರು ಮರಳುವಾಗ ಹೊಸ ಬೋಲ್ಟಿನ ನಯವಾದ ದಂಡಕ್ಕೆ ಹುಡುಗ ಗ್ರೀಸು ಬಳಿಯುತ್ತಿರುತ್ತಾನೆ, ಮುಂದಿನ ಸಲ ಸಲೀಸಾಗಿ ಬರಲೆಂದು. ಪಂಡಿತರ ಮುಖ ಬಾಡುತ್ತದೆ. “ಅದೆಲ್ಲ ಬೇಡ ಮಾರಾಯ, ದುಡ್ಡು ದಂಡ.”