ಇಬ್ಬದಿ ಸುರುಳಿ: ಬಳಕೆದಾರರ ಕೈಪಿಡಿ

ಈ ಉತ್ಪನ್ನವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ನಿಜ ಹೇಳಬೇಕೆಂದರೆ ನೀವೇನೂ ಆರಿಸಿಕೊಂಡಿಲ್ಲ. ಇದರ ದೊಡ್ಡ ಮಾದರಿಯಾದ ಅಪೋಲಿಪೊಪ್ರೋಟೀನ್ ಎ-1 ನಿಮ್ಮ ರಕ್ತದಲ್ಲಿ ಹುಟ್ಟಿದಂದಿನಿಂದ ಓಡಾಡಿಕೊಂಡಿದೆ. ಲ್ಯಾಬ್ ರಿಪೋರ್ಟಿನಲ್ಲಿ ‘ಎಚ್‌ಡಿಎಲ್’ ಎಂದು ಬರೆದು ಮುಂದೊಂದು ಅಂಕಿ ಹಾಕಿರುತ್ತಾರಲ್ಲ, ಆ ಕಣಗಳ ಮುಖ್ಯ ಪ್ರೋಟೀನು ಇದೇ. ಅದರಲ್ಲಿ 243 ಅಮೈನೋ ಆಮ್ಲಗಳಿವೆ. ಮೊದಲ ದಿನವೇ ಅದನ್ನು ಬಿಚ್ಚಲು ಕೂತರೆ ತಲೆ ಕೆಡುವುದು ಖಂಡಿತ. ಆದ್ದರಿಂದ ಈ ಕೈಪಿಡಿ 18 ಅಮೈನೋ ಆಮ್ಲಗಳ ಚಿಕ್ಕ ಮಾದರಿಯಿಂದ ಶುರುವಾಗುತ್ತದೆ. ಅದರ ಹೆಸರು 18ಎ.

ತಯಾರಕರ ಬಗ್ಗೆ (ಈ ಪುಟವನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ)

ಒಂದು ಬದಿ ನೀರಿಗೆ, ಇನ್ನೊಂದು ಬದಿ ಜಿಡ್ಡಿಗೆ ಒಲಿಯುವ ಸುರುಳಿಯಿಂದಲೇ ರಕ್ತದ ಪ್ರೋಟೀನುಗಳು ಕೊಬ್ಬನ್ನು ಹಿಡಿಯುತ್ತವೆ ಎಂದು ಜೆರೆ ಸೆಗ್ರೆಸ್ಟ್ ಮತ್ತು ಸಂಗಡಿಗರು 1974ರಲ್ಲಿ ಪ್ರತಿಪಾದಿಸಿದರು. ಮಾತು ಸರಿಯೋ ತಪ್ಪೋ ತಿಳಿಯಬೇಕಾದರೆ ಪ್ರಕೃತಿಯಲ್ಲಿ ಇಲ್ಲದ ಒಂದು ಸುರುಳಿಯನ್ನು ಕೈಯಾರೆ ಮಾಡಿ ನೋಡಬೇಕಿತ್ತು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಜಿ. ಎಂ. ಅನಂತರಾಮಯ್ಯ. ಅವರು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರ, ಕಟ್ಟುವ ವಿದ್ಯೆಯಲ್ಲಿ ಕೈ ಪಳಗಿಸಿಕೊಂಡದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ. ಪೆಪ್ಟೈಡಿಗೆ ತೊಡಿಸಿದ ರಕ್ಷಣಾ ಗುಂಪುಗಳನ್ನು ಹೈಡ್ರೋಜನ್ ಅನಿಲದ ಗೋಜಿಲ್ಲದೆ, ಸೈಕ್ಲೋಹೆಕ್ಸೀನ್ ಮತ್ತು ಪಲ್ಲೇಡಿಯಂ ಬಳಸಿ ಕಳಚುವ ಸುಲಭ ವಿಧಾನವನ್ನು ಅವರೂ ಕೆ. ಎಂ. ಶಿವಾನಂದಯ್ಯನವರೂ 1977ರಲ್ಲಿ ಪ್ರಕಟಿಸಿದ್ದರು. 18ಎ ಸರಣಿಯ ಅಧ್ಯಯನ ಬಂದದ್ದು 1985ರಲ್ಲಿ.

ಜೋಡಣೆ

ಬೇಕಾಗುವ ಸಾಮಾನು: ಒಂದು ಹಾಳೆ, ಪೆನ್ಸಿಲ್, ಕೈವಾರ. ಡಬ್ಬಿಯಲ್ಲಿರುವ 18 ಬಿಡಿಭಾಗಗಳ ಸಂಕೇತಾಕ್ಷರಗಳು ಈ ಕ್ರಮದಲ್ಲಿವೆ: ಡಿ, ಡಬ್ಲ್ಯೂ, ಎಲ್, ಕೆ, ಎ, ಎಫ್, ವೈ, ಡಿ, ಕೆ, ವಿ, ಎ, ಇ, ಕೆ, ಎಲ್, ಕೆ, ಇ, ಎ, ಎಫ್. ಹೀಗೆ ಉದ್ದಕ್ಕೆ ಓದಿದರೆ ತಲೆಬುಡ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ.

ಒಂದು ವೃತ್ತ ಬರೆದು ಅದರ ಅಂಚಿನಲ್ಲಿ ಸಮ ಅಂತರದ 18 ಚುಕ್ಕೆ ಇಡಿ. ಮೇಲ್ತುದಿಯ ಚುಕ್ಕೆಗೆ ಮೊದಲ ಅಕ್ಷರ ಡಿ. ಅಲ್ಲಿಂದ ಬಲಕ್ಕೆ ಐದು ಚುಕ್ಕೆ ಎಣಿಸಿ, ಐದನೆಯದಕ್ಕೆ ಡಬ್ಲ್ಯೂ. ಮತ್ತೆ ಐದು ಎಣಿಸಿ ಎಲ್. ಹೀಗೇ ಸುತ್ತುತ್ತಾ ಹೋಗಿ. ಆಲ್ಫಾ ಸುರುಳಿಯಲ್ಲಿ ಪ್ರತಿ ಅಮೈನೋ ಆಮ್ಲವೂ ಹಿಂದಿನದಕ್ಕಿಂತ 100 ಡಿಗ್ರಿ ತಿರುಗಿ ಕೂರುತ್ತದೆ. ನಿಮ್ಮ ಚುಕ್ಕೆಗಳ ನಡುವೆ ಇರುವುದು 20 ಡಿಗ್ರಿ. ಐದು ಸುತ್ತು ಮುಗಿಯುವಷ್ಟರಲ್ಲಿ ಒಂದೂ ಚುಕ್ಕೆ ಖಾಲಿ ಉಳಿಯದೆ, ಒಂದರ ಮೇಲೊಂದು ಬೀಳದೆ 18 ಅಕ್ಷರಗಳೂ ಕೂತಿರುತ್ತವೆ. ಕೂತಿಲ್ಲವಾದರೆ ಎಣಿಕೆ ತಪ್ಪಿದೆ, ರಬ್ಬರ್ ತೆಗೆದುಕೊಳ್ಳಿ. ಈ ಚಕ್ರದ ಉಪಾಯವನ್ನು ಶಿಫರ್ ಮತ್ತು ಎಡ್ಮಂಡ್ಸನ್ 1967ರಲ್ಲೇ ಕೊಟ್ಟಿದ್ದಾರೆ.

ಈಗ ಚಕ್ರವನ್ನು ನೋಡಿ. ಮೇಲ್ಭಾಗದಲ್ಲಿ ಡಿ, ಡಿ, ಇ, ಇ ಗುಂಪುಗೂಡಿವೆ: ಋಣ ವಿದ್ಯುದಂಶದ ನಾಲ್ಕೂ ಒಂದೇ ಕಡೆ, ನಡುವೆ ಒಂದು ಎ ನುಸುಳಿದೆ. ಅವುಗಳ ಎಡಕ್ಕೆ ಎರಡು ಕೆ, ಬಲಕ್ಕೆ ಎರಡು ಕೆ. ಕೆ ಎಂದರೆ ಲೈಸೀನ್, ಧನ ವಿದ್ಯುದಂಶದ್ದು. ಕೆಳಗಿನ ಅರ್ಧದಲ್ಲಿ ಎಫ್, ಎ, ವಿ, ಎಲ್, ಎಲ್, ವೈ, ಎಫ್, ಎ, ಹೆಚ್ಚುಕಡಿಮೆ ಬರೀ ಜಿಡ್ಡಿನ ಜಾತಿ. ಡಬ್ಲ್ಯೂ, ಅಂದರೆ ಟ್ರಿಪ್ಟೊಫಾನ್, ಬಲಗಡೆಯ ಎರಡು ಕೆಗಳ ಮಧ್ಯೆ ಸಿಕ್ಕಿಕೊಂಡಿದೆಯಲ್ಲ ಎಂದು ದೂರು ಬರೆಯಬೇಡಿ. ನೀರೂ ಕೊಬ್ಬೂ ಸಂಧಿಸುವ ಗಡಿಯೇ ಅದಕ್ಕೆ ಪ್ರಿಯವಾದ ಜಾಗ. ಉದ್ದಕ್ಕೆ ಓದುವಾಗ ಅಡ್ಡಾದಿಡ್ಡಿ ಕಂಡದ್ದೆಲ್ಲ ಸುತ್ತಿ ನೋಡಿದಾಗ ಎರಡು ಬಣವಾಗಿ ಬೇರ್ಪಟ್ಟಿದೆ. ಇಡೀ ಉತ್ಪನ್ನದ ಜೀವಾಳ ಇಷ್ಟೇ. ಮುಂದಿನದನ್ನು ಓದದೆ ಕೈಪಿಡಿಯನ್ನು ಮೇಜಿನ ಡ್ರಾಯರಿಗೆ ಸೇರಿಸುವವರು ಈಗ ಸೇರಿಸಬಹುದು.

ಅಳವಡಿಕೆ

ನೀರಿನಲ್ಲಿ ಕರಗಿಸಿದಾಗ ಸುರುಳಿ ಕಾಣಲಿಲ್ಲವೆಂದು ಮಾಲು ವಾಪಸ್ ಕಳಿಸಬೇಡಿ. ಒಂಟಿಯಾಗಿ ನೀರಿನಲ್ಲಿರುವ ಇಂಥ ಪೆಪ್ಟೈಡು ಬಹುಪಾಲು ಸಡಿಲ ದಾರವಾಗಿಯೇ ಬಿದ್ದಿರುತ್ತದೆ. ಕೊಬ್ಬಿನ ಪೊರೆ ಸಿಕ್ಕ ಮೇಲೆಯೇ ಅದು ಸುತ್ತಿಕೊಳ್ಳುವುದು. ವೃತ್ತೀಯ ದ್ವಿವರ್ಣತೆಯ ಯಂತ್ರದಲ್ಲಿ 222 ನ್ಯಾನೋಮೀಟರ್ ತರಂಗಾಂತರಕ್ಕೆ ಇಟ್ಟು ನೋಡುತ್ತಾ ಲಿಪಿಡ್, ಅಂದರೆ ಪೊರೆಯ ಕೊಬ್ಬು, ಸೇರಿಸಿದರೆ ಸುರುಳಿಯ ಗುರುತು ಗಾಢವಾಗುವುದು ಕಾಣುತ್ತದೆ.

ಪೊರೆಯನ್ನು ಚುಚ್ಚಿಕೊಂಡು ನಿಲ್ಲುವುದು ಇದರ ಜಾಯಮಾನವಲ್ಲ. ಸುರುಳಿ ಪೊರೆಯ ಮೇಲ್ಮೈಗೆ ಸಮಾನಾಂತರವಾಗಿ ಅಡ್ಡ ಮಲಗುತ್ತದೆ. ಕೊಬ್ಬಿನ ಅಣುಗಳ ನೀರಿಗೊಲಿಯುವ ತಲೆಗಳು ಮುಗಿದು ಜಿಡ್ಡಿನ ಬಾಲಗಳು ಶುರುವಾಗುವ ಮಟ್ಟಕ್ಕೆ ಇಳಿಯುತ್ತದೆ. ಇಲ್ಲೊಂದು ಇಕ್ಕಟ್ಟಿದೆ. ಅಷ್ಟು ಆಳಕ್ಕೆ ಇಳಿದರೆ ಗಡಿಯಲ್ಲಿರುವ ಲೈಸೀನುಗಳ ವಿದ್ಯುದಂಶವೂ ಜಿಡ್ಡಿನೊಳಗೆ ಮುಳುಗಬೇಕು, ಅದಂತೂ ಅವುಗಳಿಗೆ ಒಗ್ಗದು. ಪರಿಹಾರ ಲೈಸೀನಿನ ಉದ್ದನೆಯ ಕುತ್ತಿಗೆಯಲ್ಲಿದೆ. ನಾಲ್ಕು ಇಂಗಾಲಗಳ ಆ ಸರಪಳಿ ಸ್ವತಃ ಜಿಡ್ಡಿನದು, ವಿದ್ಯುದಂಶ ಇರುವುದು ತುದಿಯಲ್ಲಿ ಮಾತ್ರ. ಕೆರೆಯಲ್ಲಿ ಮೈಯೆಲ್ಲ ಮುಳುಗಿಸಿ ಮೂಗಿನ ಹೊಳ್ಳೆಯನ್ನಷ್ಟೇ ಮೇಲಿಟ್ಟುಕೊಂಡ ಎಮ್ಮೆಯ ಹಾಗೆ, ಸುರುಳಿ ಕೆಳಗಿದ್ದರೂ ಲೈಸೀನು ತುದಿಯನ್ನು ಚಾಚಿ ನೀರನ್ನೂ ಕೊಬ್ಬಿನ ತಲೆಯ ಫಾಸ್ಫೇಟನ್ನೂ ಮುಟ್ಟುತ್ತದೆ. ಸೆಗ್ರೆಸ್ಟ್ ಬಳಗ ಇದಕ್ಕೆ ‘ಸ್ನಾರ್ಕೆಲ್’ ಎಂದು ಹೆಸರಿಟ್ಟಿತು. ಅವರು ಎಮ್ಮೆ ಕಂಡಿರಲಿಲ್ಲವೆಂದು ತೋರುತ್ತದೆ.

ಇದು ಬರೀ ಕಲ್ಪನೆ ಎನ್ನುವವರಿಗಾಗಿ ತಲೆಕೆಳಗಾದ ಮಾದರಿಯೊಂದೂ ತಯಾರಾಗಿದೆ. ಜಿಡ್ಡಿನ ಬದಿಯನ್ನು ಮುಟ್ಟದೆ, ಧನ ಇದ್ದಲ್ಲಿ ಋಣ, ಋಣ ಇದ್ದಲ್ಲಿ ಧನ ಅದಲುಬದಲು ಮಾಡಿದ್ದು. ಡಿ ಮತ್ತು ಇಗಳ ಕುತ್ತಿಗೆ ಗಿಡ್ಡ, ಗಡಿಯಿಂದ ನೀರಿನತನಕ ಎಟುಕುವುದಿಲ್ಲ. ಅದು ಲಿಪಿಡನ್ನು ಹಿಡಿದದ್ದು 18ಎಗಿಂತ ಸಡಿಲವಾಗಿ.

ಚಾಲನೆ

ಡೈಮಿರಿಸ್ಟೈಲ್ ಫಾಸ್ಫಟಿಡೈಲ್ ಕೋಲೀನ್ ಎಂಬ ಕೊಬ್ಬನ್ನು ನೀರಿನಲ್ಲಿ ಕಲಕಿದರೆ ಹಾಲಿನಂಥ ಬಿಳಿ ದ್ರಾವಣವಾಗುತ್ತದೆ: ಪದರದ ಮೇಲೆ ಪದರ ಸುತ್ತಿಕೊಂಡ ದೊಡ್ಡ ಗುಳ್ಳೆಗಳು ಬೆಳಕನ್ನು ಚದುರಿಸುತ್ತಿರುತ್ತವೆ. ಅದಕ್ಕೆ ಪೆಪ್ಟೈಡ್ ಸುರಿದು ಕಾಯಿರಿ. ಬಿಳುಪು ತೆಳುವಾಗುತ್ತಾ ಹೋಗಿ ಕೊನೆಗೆ ಗಾಜಿನಾಚೆಯ ಅಕ್ಷರ ಓದುವಷ್ಟು ತಿಳಿಯಾಗುತ್ತದೆ. ಗುಳ್ಳೆಗಳು ಒಡೆದು, ಬೆಳಕಿಗೆ ಅಡ್ಡ ಬರಲಾರದಷ್ಟು ಚಿಕ್ಕ ಬಿಲ್ಲೆಗಳಾಗಿವೆ. ಪ್ರತಿ ಬಿಲ್ಲೆಯೂ ಎರಡು ಪದರದ ಪೊರೆಯ ಒಂದು ತುಣುಕು. ಅದರ ಅಂಚಿನಲ್ಲಿ ಬತ್ತಲಾದ ಜಿಡ್ಡಿನ ಬಾಲಗಳನ್ನು ಸುರುಳಿಗಳು ಸುತ್ತಲೂ ಮುಚ್ಚಿ ಕೂತಿರುತ್ತವೆ.

ತಿಳಿಯಾಗದಿದ್ದರೆ ಮೊದಲು ಥರ್ಮಾಮೀಟರ್ ನೋಡಿ. ಈ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿ ಸ್ಥಿತಿಯಿಂದ ದ್ರವ ಸ್ಥಿತಿಗೆ ಹೊರಳುತ್ತದೆ. ಕೆಲಸ ಅತಿ ಚುರುಕಾಗಿ ನಡೆಯುವುದು ಆ ಹೊಸ್ತಿಲಲ್ಲೇ. ಆಗ ಒಂದು ಕಡೆ ಗಟ್ಟಿ, ಪಕ್ಕದಲ್ಲೇ ದ್ರವ, ನಡುವಿನ ಗಡಿಯಲ್ಲಿ ಜೋಡಣೆ ಸರಿಬಾರದೆ ಸಂದು ಬಿಡುತ್ತದೆ. ಸುರುಳಿಗೆ ಒಳಹೋಗಲು ಬೇಕಾದ್ದು ಅಂಥ ಸಂದುಗಳೇ. ಜೀವಕೋಶದೊಳಗಿನ ಚಿಕ್ಕ ಗುಳ್ಳೆಗಳ ತೀರಾ ಬಾಗಿದ ಪೊರೆಯನ್ನು ಕೆಲವು ಪ್ರೋಟೀನುಗಳು ಗುರುತಿಸುವುದೂ ಹೀಗೆಯೇ: ಬಾಗಿದಷ್ಟೂ ಸಂದು ಹೆಚ್ಚು.

ದೊಡ್ಡ ಮಾದರಿಯಲ್ಲಿ ಇಂಥ ಹತ್ತು ಸುರುಳಿಗಳು ಸಾಲಾಗಿವೆ. ಅನೇಕ ಕಡೆ ತಿರುವಿಗೆ ಪ್ರೋಲೀನ್ ಇದೆ. ಆ ಸುರುಳಿಗಳು ಬಿಲ್ಲೆಯ ಅಂಚಿನಲ್ಲಿ ಬೇಲಿಯ ಗೂಟಗಳಾಗಿ ನಿಲ್ಲುತ್ತವೋ, ಬೆಲ್ಟಾಗಿ ಸುತ್ತುತ್ತವೋ ಎಂಬ ಜಗಳ ಬಹುಕಾಲ ನಡೆಯಿತು. 1997ರಲ್ಲಿ ಬಂದ ಸ್ಫಟಿಕ ರಚನೆ ಬೆಲ್ಟಿನ ಪಕ್ಷಕ್ಕೆ ಬಲ ಕೊಟ್ಟಿತು. ಎರಡು ಅಣುಗಳು ಪರಸ್ಪರ ಎದುರು ದಿಕ್ಕಿನಲ್ಲಿ, ಸುಮಾರು 10 ನ್ಯಾನೋಮೀಟರ್ ಅಗಲದ ಬಿಲ್ಲೆಯನ್ನು ಬಳಸಿರುತ್ತವೆ ಎಂಬುದೇ ಈಗ ಹೆಚ್ಚಿನವರು ಒಪ್ಪುವ ಚಿತ್ರ. ಇಲಿನಾಯ್‌ನ ಸ್ಟೀಫನ್ ಸ್ಲೈಗರ್ ಅದೇ ಬೆಲ್ಟನ್ನು ತಿದ್ದಿ, ಪೊರೆಯ ಪ್ರೋಟೀನುಗಳನ್ನು ಹಿಡಿದಿಡುವ ‘ನ್ಯಾನೋಡಿಸ್ಕ್’ ಮಾಡಿದರು.

ಎಚ್ಚರಿಕೆ

ಇಬ್ಬದಿ ಇರುವ ಸುರುಳಿಗಳೆಲ್ಲ ಸಾಧುಗಳಲ್ಲ. ಜೇನುಹುಳದ ವಿಷದಲ್ಲಿರುವ ಮೆಲಿಟಿನ್ 26 ಅಮೈನೋ ಆಮ್ಲಗಳದು, ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಆಫ್ರಿಕಾದ ಉಗುರುಗಪ್ಪೆಯ ಚರ್ಮದಿಂದ ಮೈಕೇಲ್ ಝಾಸ್ಲೋಫ್ 1987ರಲ್ಲಿ ಬೇರ್ಪಡಿಸಿದ ಮ್ಯಾಗೈನಿನ್ 23ರದು. ಶಸ್ತ್ರಕ್ರಿಯೆಯಾದ ಕಪ್ಪೆಗಳು ಕೊಳಕು ನೀರಿನಲ್ಲಿದ್ದರೂ ಗಾಯ ಕೊಳೆಯದ್ದನ್ನು ಕಂಡು ಅವರು ಹುಡುಕಲು ಹೊರಟದ್ದು. ಬ್ಯಾಕ್ಟೀರಿಯಾದ ಪೊರೆಗೆ ಋಣ ವಿದ್ಯುದಂಶ ಹೆಚ್ಚು, ಮ್ಯಾಗೈನಿನ್ನಿಗೆ ಧನ. ಅದು ಅಲ್ಲಿಗೇ ಹೋಗಿ ಅಂಟಿ ಪೊರೆ ತೂತುಮಾಡುತ್ತದೆ. 18ಎ ಜಾತಿಯ ಸುರುಳಿಗಳನ್ನೂ ಒಡೆಯುವ ಜಾತಿಯವನ್ನೂ ಜೊತೆಗೆ ಸೇರಿಸಿದರೆ ಮೊದಲಿನವು ರಕ್ತಕಣ ಒಡೆಯುವುದನ್ನು ತಡೆದದ್ದೂ 1993ರಲ್ಲಿ ಕಂಡುಬಂತು. ಎರಡಕ್ಕೂ ಒಂದೇ ಶೆಲ್ಫ್ ಬೇಡ.

ಖಾತರಿ

ಪ್ರಯೋಗನಳಿಕೆಗೆ ಪೂರ್ತಿ ಖಾತರಿ. ಇಲಿಗೆ ಸಾಕಷ್ಟು. ಮನುಷ್ಯನಿಗೆ ಇಲ್ಲ. 18ಎಯ ಎರಡು ಎಲ್‌ಗಳ ಜಾಗಕ್ಕೆ ಎಫ್ ಕೂರಿಸಿ, ತುದಿಗಳನ್ನು ಮುಚ್ಚಿದ್ದೇ 4ಎಫ್. ಕರುಳಿನ ಕಿಣ್ವಗಳು ಕತ್ತರಿಸದಂತೆ ಕನ್ನಡಿ-ಬಿಂಬದ ಅಮೈನೋ ಆಮ್ಲಗಳಿಂದ ಕಟ್ಟಿದ ಡಿ-4ಎಫ್ ಬಾಯಿಯಿಂದ ಕೊಟ್ಟಾಗ ಇಲಿಗಳ ರಕ್ತನಾಳದ ಕೊಬ್ಬಿನ ಗಾಯಗಳು ಗಣನೀಯವಾಗಿ ತಗ್ಗಿದವೆಂದು 2002ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ಆ ಉತ್ಸಾಹ ಉಳಿಯಲಿಲ್ಲ. ದೊಡ್ಡ ಮಾದರಿಯ ಕಥೆಯೂ ಅದೇ: ಹೃದಯಾಘಾತವಾದ 18,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಪ್ಲಾಸ್ಮಾದಿಂದ ತೆಗೆದ ಎ-1 ಅನ್ನು ಡ್ರಿಪ್ ಮೂಲಕ ಕೊಟ್ಟವರಲ್ಲಿ 90 ದಿನಗಳೊಳಗೆ ಹೃದಯ-ರಕ್ತನಾಳದ ಕಾರಣದ ಸಾವು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ತುತ್ತಾದವರು ಶೇ. 4.8, ಹುಸಿಮದ್ದು ಪಡೆದವರಲ್ಲಿ ಶೇ. 5.2. ಸಂಖ್ಯಾಶಾಸ್ತ್ರ ಇದನ್ನು ಗೆಲುವೆಂದು ಒಪ್ಪಲಿಲ್ಲ. ನನ್ನ ಮಟ್ಟಿಗೆ ಇಲ್ಲಿ ಸೋತದ್ದು ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿಯುತ್ತದೆಂಬ ಆಸೆ. ಸುರುಳಿ ತನ್ನ ಕೆಲಸವನ್ನು ಮಾಡಿಯೇ ಇತ್ತು.

ವಿಲೇವಾರಿ

ಕೊಬ್ಬು ಹೊತ್ತಿರುವ ಎ-1 ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಕೊಬ್ಬು ಸಿಗದದ್ದನ್ನು ಮೂತ್ರಪಿಂಡ ಸೋಸಿ, ಒಳಗೆಳೆದುಕೊಂಡು ಚೂರುಮಾಡುತ್ತದೆ. ಜೀವಕೋಶದಿಂದ ಕೊಬ್ಬನ್ನು ಎತ್ತಿ ಎ-1ರ ಕೈಗೆ ಕೊಡುವ ಎಬಿಸಿಎ1 ಎಂಬ ಪ್ರೋಟೀನು ಕೆಟ್ಟವರಲ್ಲಿ ಬಹುಪಾಲು ಎ-1ಗೆ ಇದೇ ಗತಿ. ಅವರ ಎಚ್‌ಡಿಎಲ್ ಇಲ್ಲವೆನ್ನುವಷ್ಟು ಕಡಿಮೆ. ಈ ಕಾಯಿಲೆಗೆ ಅಮೆರಿಕದ ಚೆಸಪೀಕ್ ಕೊಲ್ಲಿಯ ಟ್ಯಾಂಜಿಯರ್ ದ್ವೀಪದ ಹೆಸರಿದೆ. 1961ರಲ್ಲಿ ವೈದ್ಯರು ಅದನ್ನು ಗುರುತಿಸಿದ್ದು ಮಗುವೊಂದರ ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರಿಂದ: ಸಾಗಿಸುವವರಿಲ್ಲದ ಕೊಲೆಸ್ಟರಾಲು ಅಲ್ಲೇ ತುಂಬಿಕೊಂಡಿತ್ತು. ನಿಮ್ಮ ಉತ್ಪನ್ನದಲ್ಲಿ ಈ ಲಕ್ಷಣ ಕಂಡರೆ ಸುರುಳಿಯನ್ನು ಬದಲಿಸಿ ಪ್ರಯೋಜನವಿಲ್ಲ. ದೋಷ ಎಬಿಸಿಎ1 ವಂಶವಾಹಿಯಲ್ಲಿರುತ್ತದೆ, ಅದು ಈ ಡಬ್ಬಿಯಲ್ಲಿ ಬರುವುದಿಲ್ಲ.