ರೇಂಜು ಯಾವ ಪಕ್ಷದ್ದು ಮಾರಾಯ್ರೆ?

ನಮ್ಮ ಊರಿಗೆ ಹೊಸತೊಂದು ಯಂತ್ರ ಬಂತೆಂದರೆ ಅದು ಹೇಗೆ ಓಡುತ್ತದೆ, ಎಷ್ಟು ಕರೆಂಟು ಎಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಮೊದಲ ಪ್ರಶ್ನೆಯೇ, "ಇದನ್ನು ತಂದದ್ದು ಯಾರು?" ನಾನೇ ಅಂಗಡಿಯಿಂದ ತಂದೆ ಎಂದರೆ ಅದು ಉತ್ತರ ಆಗುವುದಿಲ್ಲ. ಯಾವ ಸರಕಾರ ತಂದದ್ದು ಎಂದು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಪೇಟೆಗಳಿಗೆ ಹೋಗಿಬರುವ, ಮೂರರಲ್ಲಿ ಯಾವುದೂ ತೀರಾ ಹತ್ತಿರವಲ್ಲದ ಸಿದ್ಧಕಟ್ಟೆ ಕಡೆಯವನು ನಾನು. ಮೂರು ತಾಲೂಕಿನ ವಾದವೂ ಕಿವಿಗೆ ಬೀಳುತ್ತದೆ. ವಾದ ಎಲ್ಲ ಕಡೆಯೂ ಒಂದೇ, ಗೋಳಿಬಜೆಯ ರುಚಿ ಮಾತ್ರ ಬೇರೆ.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದದ್ದು ಸಂಜೆ 6 ಗಂಟೆ 4 ನಿಮಿಷಕ್ಕೆ. ಹೋಟೆಲಿನ ಟಿ.ವಿ. ಮುಂದೆ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಒಗ್ಗಟ್ಟು ಚಾ ಬರುವವರೆಗೆ ಉಳಿಯಿತು. ರಿಟೈರಾದ ಮಾಸ್ಟ್ರು ಶುರು ಮಾಡಿದರು: "ಇದಕ್ಕೆಲ್ಲ ಪಂಚಾಂಗ ಹಾಕಿದ್ದು ನೆಹರೂ." ಮಾಸ್ಟ್ರ ಮನೆಯವರಿಗೆ ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು ಜಾಗ ಸಿಕ್ಕಿದ್ದು, ಆ ಋಣ ಚಂದ್ರನವರೆಗೂ ಹೋಗುತ್ತದೆ. ಅಡಿಕೆ ಅಂಗಡಿಯ ಅಣ್ಣ ಬಿಡಬೇಕಲ್ಲ? "ಚಂದ್ರಯಾನ ಎಂದು ಹೇಳಿದ್ದು ವಾಜಪೇಯಿ ಮಾಸ್ಟ್ರೆ, 2003ರ ಆಗಸ್ಟ್ 15, ಕೆಂಪುಕೋಟೆ." "ಹೇಳಿದ್ದು ಹೌದು ಮಾರಾಯಾ, ಹಾರಿದ್ದು 2008. ಆಗ ಯಾರು ಇದ್ದದ್ದು?" "ಇಳಿದದ್ದು ಈಗ. ಈಗ ಯಾರಿದ್ದಾರೆ?" ಇಬ್ಬರೂ ಹೇಳಿದ್ದು ಸರಿಯೇ ಆದ್ದರಿಂದ ಜಗಳ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಇಸ್ರೋ ಎಂಬ ಸಂಸ್ಥೆಯ ಹೆಸರು ಕೇಳಿಬಂದದ್ದು ಎರಡನೇ ಪ್ಲೇಟು ಮುಗಿದ ಮೇಲೆ, ಅದೂ ಹೋಟೆಲಿನ ಹುಡುಗನ ಬಾಯಿಯಿಂದ. ಅವನಿಗಿನ್ನೂ ಓಟು ಬಂದಿರಲಿಲ್ಲ.

ಹೀಗೆ ವಂಶಾವಳಿ ಹಿಡಿದು ಹೊರಟರೆ ಯಾವ ಯಂತ್ರವೂ ಒಂದೇ ಪಕ್ಷದ ಮನೆಯಲ್ಲಿ ಹುಟ್ಟಿ ಬೆಳೆದದ್ದಲ್ಲ. ಹಳ್ಳಿಗೆ ಟೆಲಿಫೋನು ತಂದ ಸಿ-ಡಾಟ್ ಸಂಸ್ಥೆ 1984ರದ್ದು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಶುರುವಾಯಿತು. ಅದು ಮಾಸ್ಟ್ರ ಖಾತೆಗೆ. ಕ್ಯೂಆರ್ ಕೋಡಿನಲ್ಲಿ ಹಣ ಕೊಡುವ ಯುಪಿಐ 2016ರದ್ದು, ಅದು ಅಣ್ಣನ ಖಾತೆಗೆ. ಆದರೆ ಯುಪಿಐ ನಡೆಸುವ ಸಂಸ್ಥೆ ಹುಟ್ಟಿದ್ದು 2008ರಲ್ಲಿ ಎಂದು ಮಾಸ್ಟ್ರು ತಗಾದೆ ತೆಗೆಯುತ್ತಾರೆ. ಆಧಾರ್ ಕಥೆ ಇನ್ನೂ ಚಂದ. ಅದನ್ನು ಕಟ್ಟಿದ ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ಸಿನಿಂದ ನಿಂತು ಅನಂತಕುಮಾರ್ ಎದುರು ಸೋತರು. ಆಧಾರನ್ನು ಬೈದು ಗೆದ್ದ ಪಕ್ಷ ಆಮೇಲೆ ಸಿಮ್ಮಿಗೂ ಗ್ಯಾಸಿಗೂ ಆಧಾರ್ ಕೇಳಿತು. ತಂದ ಪಕ್ಷ ಆಗ ಖಾಸಗಿತನದ ಪಾಠ ಹೇಳಿತು. ನಮ್ಮ ಹೋಟೆಲಿನಲ್ಲೂ ಮಾಸ್ಟ್ರು ಮತ್ತು ಅಣ್ಣ ಕುರ್ಚಿ ಬದಲಿಸದೆಯೇ ವಾದ ಮಾತ್ರ ಅದಲುಬದಲು ಮಾಡಿಕೊಂಡರು.

ಇದರಲ್ಲಿ ಬೆಳ್ತಂಗಡಿಯವರು ನಮಗಿಂತ ಮುಂದೆ. ಮೊಬೈಲ್ ನಂಬರು ಹಾಗೇ ಇಟ್ಟು ಕಂಪೆನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಸಿಕ್ಕಿದ್ದು 2011ರ ಜನವರಿಯಲ್ಲಿ. ಬೆಳ್ತಂಗಡಿ ಕ್ಷೇತ್ರಕ್ಕೆ ಅದು ಎಂದೋ ಬಂದಿತ್ತು. ವಸಂತ ಬಂಗೇರರು 1983 ಮತ್ತು 1985ರಲ್ಲಿ ಬಿಜೆಪಿ, 1994ರಲ್ಲಿ ಜನತಾದಳ, 2008 ಮತ್ತು 2013ರಲ್ಲಿ ಕಾಂಗ್ರೆಸ್ ಎಂದು ಐದು ಸಲ ಶಾಸಕರಾದರು. 1985ರಲ್ಲಿ ಇಡೀ ರಾಜ್ಯದಲ್ಲಿ ಬಿಜೆಪಿ ಗೆದ್ದದ್ದು ಎರಡೇ ಸೀಟು, ಅದರಲ್ಲಿ ಒಂದು ಇವರದು. ನಂಬರು ಅದೇ, ಕಂಪೆನಿ ಮೂರು. ಕರೆ ಮಾಡಿದವರಿಗೆ ಎತ್ತಿದ್ದು ಅದೇ ಏರುಧ್ವನಿ. ವ್ಯಂಗ್ಯಕ್ಕೆ ಹೇಳುತ್ತಿಲ್ಲ; ಜನ ಪಕ್ಷಕ್ಕಿಂತ ಆಳನ್ನು ನೋಡಿ ಓಟು ಹಾಕುತ್ತಿದ್ದ ಕಾಲವೊಂದು ನಮ್ಮ ಪಕ್ಕದ ತಾಲೂಕಿನಲ್ಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ನನ್ನ ಹತ್ತಿರ ಇಲ್ಲ.

ಇನ್ನು ಮತಯಂತ್ರ. ಪಾಪ, ಇವಿಎಂನಷ್ಟು ಬೈಗುಳ ತಿಂದ ಯಂತ್ರ ಇನ್ನೊಂದಿಲ್ಲ, ನಮ್ಮ ಪಂಚಾಯತಿನ ನೀರಿನ ಪಂಪೊಂದನ್ನು ಬಿಟ್ಟರೆ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು. ಹಾಗಾಗಿ ಈ ದೇಶದಲ್ಲಿ ಯಾರು ಗೆದ್ದರೂ ಸೋತರೂ ಕರ್ನಾಟಕಕ್ಕೆ ಸ್ವಲ್ಪ ವ್ಯಾಪಾರ ಉಂಟು. 2009ರಲ್ಲಿ ಸೋತ ಬಿಜೆಪಿಯವರು ಯಂತ್ರದ ಮೇಲೆ ಸಂಶಯಪಟ್ಟರು, 2010ರಲ್ಲಿ ಜಿ.ವಿ.ಎಲ್. ನರಸಿಂಹ ರಾವ್ ಅದರ ವಿರುದ್ಧ ಪುಸ್ತಕವನ್ನೇ ಬರೆದರು, ಅಡ್ವಾಣಿಯವರು ಮುನ್ನುಡಿ ಕೊಟ್ಟರು. 2014ರ ಮೇಲೆ ಸಂಶಯ ಪಡುವ ಸರದಿ ಕಾಂಗ್ರೆಸ್ಸಿನದು. ಪುಸ್ತಕ ಮಾತ್ರ ಹೊಸತು ಬರೆಯಬೇಕಿಲ್ಲ, ಹಳೆಯದೇ ಸಾಕು.

2023ರ ಮೇ 13, ಮತ ಎಣಿಕೆಯ ದಿನ. ಬೆಳಿಗ್ಗೆ ನಮ್ಮ ಮೂರೂ ಕ್ಷೇತ್ರಗಳಲ್ಲಿ ಬಿಜೆಪಿ ಮುಂದೆ ಎಂದು ಟಿ.ವಿ. ಹೇಳುತ್ತಿದ್ದ ಹಾಗೆ ಮಾಸ್ಟ್ರು, "ಆ ಮಿಷನಿನಲ್ಲಿ ಎಂತದೋ ಉಂಟು" ಎಂದು ಎದ್ದು ಹೋದರು. ಮಧ್ಯಾಹ್ನ ರಾಜ್ಯದ ಲೆಕ್ಕ ಬಂತು. ಕಾಂಗ್ರೆಸ್ಸಿಗೆ ಕೊನೆಗೆ ಸಿಕ್ಕಿದ್ದು 135. ಊಟ ಮುಗಿಸಿ ಬಂದ ಮಾಸ್ಟ್ರ ಮುಖದಲ್ಲಿ ಮಿಷನು ರಿಪೇರಿಯಾದ ಸಂತೋಷ. ಈಗ ಎದ್ದು ಹೋಗುವ ಪಾಳಿ ಅಣ್ಣನದು: "ನಮ್ಮಲ್ಲಿ ಸರಿ ಉಂಟು ಮಾಸ್ಟ್ರೆ. ಆ ಘಟ್ಟದ ಮೇಲಿನ ಮಿಷನುಗಳನ್ನೇ ಒಮ್ಮೆ ಬಿಚ್ಚಿ ನೋಡಬೇಕು." ಒಂದೇ ಕಾರ್ಖಾನೆಯ ಯಂತ್ರ ಚಾರ್ಮಾಡಿ ಘಾಟಿ ಹತ್ತಿದ ಕೂಡಲೇ ಪಕ್ಷ ಬದಲಿಸುತ್ತದೆ ಎಂಬ ವೈಜ್ಞಾನಿಕ ಸಂಶೋಧನೆ ಆ ದಿನ ನಮ್ಮ ಹೋಟೆಲಿನಲ್ಲಿ ಆಯಿತು.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆ ಮತಪತ್ರದಲ್ಲೇ ನಡೆಯಲಿ ಎಂದು ಶಿಫಾರಸು ಮಾಡಿದಾಗ ಪೇಪರುಗಳಲ್ಲಿ ದೊಡ್ಡ ಗಲಾಟೆ. ನಮಗೆ ಆಶ್ಚರ್ಯವೆಂದರೆ ಗಲಾಟೆಯೇ. 2020ರ ಡಿಸೆಂಬರಿನಲ್ಲಿ ಬೀದರ್ ಜಿಲ್ಲೆಯೊಂದು ಬಿಟ್ಟು ರಾಜ್ಯದ ಗ್ರಾಮ ಪಂಚಾಯತ್ ಚುನಾವಣೆ ನಡೆದದ್ದು ಮತಪತ್ರದಲ್ಲೇ ಅಲ್ಲವೇ? ನಾವು ಮಡಚಿ ಡಬ್ಬಿಗೆ ಹಾಕಿ ಬಂದವರೇ. ಆ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಬದಲಿಗೆ ಆಟೋರಿಕ್ಷಾ, ಹೊಲಿಗೆ ಯಂತ್ರ, ಕುಕ್ಕರು, ಫ್ಯಾನು. ತಂತ್ರಜ್ಞಾನ ಮತ್ತು ರಾಜಕೀಯ ಸಂಪೂರ್ಣವಾಗಿ ಒಂದಾಗುವ ಜಾಗ ಪ್ರಪಂಚದಲ್ಲಿ ಇದೊಂದೇ ಇರಬೇಕು. "ನಿಮ್ಮ ಅಮೂಲ್ಯ ಮತವನ್ನು ಕುಕ್ಕರಿಗೆ ನೀಡಿ" ಎಂದು ಮೈಕಿನಲ್ಲಿ ಕೇಳಿ ನಮ್ಮ ಮನೆಯಾಕೆ, "ಇದ್ದದ್ದರ ಗ್ಯಾಸ್ಕೆಟ್ ಹೋಗಿ ತಿಂಗಳಾಯಿತು, ಮೊದಲು ಅದನ್ನು ನೋಡಿ" ಎಂದದ್ದುಂಟು. ಕುಕ್ಕರಿನವರು ಕಮಲದವರು, ಆಟೋದವರು ಕೈಯವರು ಎಂಬುದು ಮಾತ್ರ ತೊಟ್ಟಿಲ ಮಗುವಿಗೂ ಗೊತ್ತು. ಚಿಹ್ನೆ ಇಲ್ಲದ ಚುನಾವಣೆ ಎಂದು ಕಾನೂನು ನಂಬಿಕೊಂಡಿದೆ.

ಯಂತ್ರ ಚೆನ್ನಾಗಿ ನಡೆದರೆ ತಂದವರು ನಾವು. ಕೈಕೊಟ್ಟರೆ ಕೆಡಿಸಿದವರು ಅವರು. ಈ ಸೂತ್ರದ ಅತ್ಯುತ್ತಮ ಪ್ರಯೋಗ ಕಂಡದ್ದು 2023ರ ಜೂನ್‌ನಲ್ಲಿ. ಗೃಹಜ್ಯೋತಿಗೆ ಅರ್ಜಿ ಹಾಕಲು ಹೋದವರಿಗೆಲ್ಲ ಸರ್ವರ್ ಡೌನ್. ಕೇಂದ್ರ ಸರಕಾರವೇ ಸರ್ವರ್ ಹ್ಯಾಕ್ ಮಾಡಿದೆ ಎಂದು ಸಚಿವ ಸತೀಶ ಜಾರಕಿಹೊಳಿಯವರು ಹೇಳಿದರು. ನನಗೆ ಆ ಹೇಳಿಕೆಯಿಂದ ಹೆಮ್ಮೆಯೇ ಆಯಿತು. ನಮ್ಮ ಮನೆಯ ಕರೆಂಟು ಬಿಲ್ಲಿನ ಮೇಲೆ ದೆಹಲಿಯವರಿಗೆ ಇಷ್ಟು ಕಣ್ಣು ಉಂಟೆಂದು ಗೊತ್ತಿರಲಿಲ್ಲ.

ಆದರೆ ಸರ್ವರ್ ಡೌನ್ ಎಂದರೆ ಎಂತದೆಂದು ತಿಳಿಯಬೇಕಾದರೆ ರೇಷನ್ ಕೊಡುವ ದಿನ ಸೊಸೈಟಿಯ ಜಗಲಿಯಲ್ಲಿ ನಿಲ್ಲಬೇಕು. ಒಮ್ಮೆ ನನ್ನ ಮುಂದೆ ಬೀಡಿ ಕಟ್ಟುವ ಅಕ್ಕ ಒಬ್ಬರು ನಿಂತಿದ್ದರು. ವರ್ಷಗಟ್ಟಲೆ ಎಲೆ ಮಡಚಿ, ನೂಲು ಸುತ್ತಿ ಬೆರಳಿನ ಗೆರೆಗಳೆಲ್ಲ ಸವೆದು ನುಣ್ಣಗೆ. ಹೆಬ್ಬೆಟ್ಟು ಇಟ್ಟರು, ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟರು, ಕೆಂಪು. ತಲೆಗೂದಲಿನ ಎಣ್ಣೆಗೆ ಉಜ್ಜಿ ಇಟ್ಟರು. ಅದೂ ಕೆಂಪು. "ಅಕ್ಕ, ಈಚೆ ಕೈಯ ಬೆರಳು ನೋಡುವ" ಎಂದ ಕೌಂಟರಿನ ಹುಡುಗ. ಬೆರಳುಗಳನ್ನೆಲ್ಲ ದಾಟಿ ಕೊನೆಗೆ ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತಿತು, ಸಾಲಿನಲ್ಲಿದ್ದವರೆಲ್ಲ ಉಸಿರು ಬಿಟ್ಟೆವು, ಅಷ್ಟರಲ್ಲಿ ಸರ್ವರ್ ಹೋಯಿತು. ಹಿಂದೆ ನಿಂತವರಲ್ಲಿ ಕೂಡಲೇ ಚರ್ಚೆ ಶುರು: ಸರ್ವರ್ ಕೇಂದ್ರದ್ದೋ ರಾಜ್ಯದ್ದೋ, ಅಕ್ಕಿ ಅವರದ್ದೋ ಇವರದ್ದೋ. ಅಕ್ಕ ಚೀಲ ಮಡಚಿಕೊಂಡು ಹೇಳಿದರು: "ಬ್ರಾಂಚಿನಲ್ಲಿ ಬೀಡಿ ಕೊಟ್ಟರೆ ಎಣಿಸಿ ತಕ್ಕೊಳ್ತಾರೆ. ಬೆರಳು ಯಾರೂ ಕೇಳುವುದಿಲ್ಲಪ್ಪ."

ಈ ನಡುವೆ ಎಐ ಬಂದಿದೆ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಹೊರಬಿದ್ದಾಗ ಬೆಂಗಳೂರಿನವರಿಗೆ ಕೆಲಸ ಹೋಗುವ ಹೆದರಿಕೆ. ನಮ್ಮಲ್ಲಿ ಕೆಲಸ ಹೋದದ್ದು ಪಕ್ಷದ ಪತ್ರಿಕಾ ಹೇಳಿಕೆ ಬರೆದುಕೊಡುತ್ತಿದ್ದವರಿಗೆ ಮಾತ್ರ. ಒಂದು ರಸ್ತೆ ಗುಂಡಿಯ ಬಗ್ಗೆ ಎರಡೂ ಪಕ್ಷದ ಹುಡುಗರು ಹೇಳಿಕೆ ಹೊರಡಿಸಿದರು. ಎರಡರಲ್ಲೂ "ಈ ನಿಟ್ಟಿನಲ್ಲಿ ಸಮಗ್ರ ಹಾಗೂ ಸುಸ್ಥಿರ ಕ್ರಮಗಳ ಅಗತ್ಯವನ್ನು ಒತ್ತಿಹೇಳಬೇಕಾಗಿದೆ" ಎಂಬ ಒಂದೇ ವಾಕ್ಯ. ನಮ್ಮ ಕಡೆ ಗುಂಡಿಗೆ ಬಿದ್ದ ಯಾರೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಸೈದ್ಧಾಂತಿಕ ಭಿನ್ನಮತ ಇಷ್ಟು ಸುಲಭದಲ್ಲಿ ಮುಗಿಯುವುದಾದರೆ ಎಐ ಬಗ್ಗೆ ನನ್ನ ತಕರಾರಿಲ್ಲ.

ಪಕ್ಷಗಳಿಗೆ ಕ್ಲೇಮು ಹಾಕಲು ಸಂದು ಸಿಗದ ಯಂತ್ರಗಳೂ ನಮ್ಮಲ್ಲಿ ಉಂಟು, ನನಗೆ ಪ್ರೀತಿ ಅವುಗಳ ಮೇಲೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೋಮಳೆಯ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದರು. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಸುತ್ತಿತು. ಒಂದು ಸೀಟು, ಒಂದು ಪೆಟ್ರೋಲ್ ಎಂಜಿನ್, ಮರವನ್ನು ಕಚ್ಚಿಕೊಳ್ಳುವ ಚಕ್ರ. ಕೂತವನು ಅರ್ಧ ನಿಮಿಷದ ಆಸುಪಾಸಿನಲ್ಲಿ ತುದಿಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ ಎಂಬ ಸಂಕಟದಿಂದ ಹುಟ್ಟಿದ ಯಂತ್ರ ಅದು. ಯಾವ ಪ್ರಣಾಳಿಕೆಯಲ್ಲೂ ಇರಲಿಲ್ಲ. ಅಡಿಕೆ ಅಂಗಡಿಯ ಅಣ್ಣ ಕೂಡ ವಿಡಿಯೋ ನೋಡಿ ಕೇಳಿದ್ದು ರೇಟು ಎಷ್ಟು ಎಂದು ಮಾತ್ರ.

ಕಂಬಳದ ಲೇಸರೂ ಹಾಗೆಯೇ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಯಾವ ಕೋಣ ಮೊದಲು ಮುಟ್ಟಿತೆಂದು ಹೊಡೆದಾಡುತ್ತಿದ್ದವರು ಈಗ ಸೆಕೆಂಡಿನ ನೂರನೇ ಭಾಗದವರೆಗೆ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಿಂದಲೇ 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಗೊತ್ತಾಯಿತು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು, ಉಸೇನ್ ಬೋಲ್ಟನ 9.58 ಬಿದ್ದುಹೋಯಿತು. ಕಾಂಗ್ರೆಸ್ಸಿನ ಶಶಿ ತರೂರ್ ಟ್ವೀಟ್ ಮಾಡಿದರು, ಬಿಜೆಪಿಯ ಕ್ರೀಡಾ ಸಚಿವ ಕಿರಣ್ ರಿಜಿಜು ಸಾಯ್ ಟ್ರಯಲ್ಸಿಗೆ ಕರೆದರು, ಮುಖ್ಯಮಂತ್ರಿ ಯಡಿಯೂರಪ್ಪ ಸನ್ಮಾನ ಮಾಡಿದರು. ಗೌಡರು ಮಾತ್ರ, ಓಡಿದ್ದು ಕೋಣಗಳು, ಟ್ರ್ಯಾಕಿನ ಓಟವೇ ಬೇರೆ ಎಂದು ಹೇಳಿ ಹೋಗಲಿಲ್ಲ. ಬಂದ ಕ್ರೆಡಿಟ್ಟನ್ನು ಇನ್ನೊಬ್ಬರಿಗೆ ದಾಟಿಸಿದ ಸಾರ್ವಜನಿಕ ವ್ಯಕ್ತಿ ನನ್ನ ನೆನಪಿನಲ್ಲಿ ಇವರೊಬ್ಬರೇ. ಅಷ್ಟರಲ್ಲೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರಿಗೆ 13.61 ಓಡಿ ಆ ದಾಖಲೆಯನ್ನೂ ಮುರಿದರು. ಟ್ವೀಟ್ ಮಾಡುವವರಿಗೆ ಉಸಿರಾಡಲು ಪುರುಸೊತ್ತು ಬೇಡವೇ?

ತುಳುವಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸುತ್ತೇವೆ ಎಂದು ಹೇಳದೆ ನಮ್ಮಲ್ಲಿ ಓಟು ಕೇಳಿದ ಪಕ್ಷವಿಲ್ಲ. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂತು. ಅದೇ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿತು. ಪರಿಚ್ಛೇದದ ಭರವಸೆ ಮುಂದಿನ ಚುನಾವಣೆಗೆ ಭದ್ರವಾಗಿ ಉಂಟು.

ಇಷ್ಟೆಲ್ಲ ಹೇಳಿ ರೇಂಜಿನ ವಿಷಯ ಬಿಟ್ಟರೆ ಹೇಗೆ? 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದದ್ದು, ಅಪ್ಪ ಕೊಡೆ ಹಿಡಿದು ನಿಂತದ್ದು, ಆ ಫೋಟೊ ನೀವೂ ನೋಡಿದ್ದೀರಿ. ಆ ಅಪ್ಪ ಯಾವ ಪಕ್ಷ ಎಂದು ಆಗ ಯಾರೂ ಕೇಳಲಿಲ್ಲ, ಆ ರೇಂಜಿಗೆ ವಾರಸುದಾರರೂ ಬರಲಿಲ್ಲ. ನಮ್ಮ ಗುಡ್ಡದ ಮೇಲೂ ಈಗ ಟವರ್ ಉಂಟು. ಅದರ ಉದ್ಘಾಟನೆಯ ಫೋಟೊದಲ್ಲಿ ಎರಡೂ ಪಕ್ಷದವರು ಇದ್ದಾರೆ. ಕರೆಂಟು ಹೋಗಿ ಅರ್ಧ ಗಂಟೆಯಾದರೆ ಫೋನಿನಲ್ಲಿ ಒಂದು ಕಡ್ಡಿಯೂ ಇಜ್ಜಿ. ಮಾಸ್ಟ್ರಲ್ಲಿ ಕೇಳಿದರೆ ಕೇಂದ್ರದ ನೀತಿ, ಅಣ್ಣನಲ್ಲಿ ಕೇಳಿದರೆ ರಾಜ್ಯದ ಕರೆಂಟು. ಬ್ಯಾಟರಿ ಹಳತಾಗಿದೆ ಎಂದು ಹೇಳಿದ್ದು ಟವರಿನ ಬುಡದಲ್ಲಿ ದನ ಕಟ್ಟುವ ಮನೆಯವರು. ಅವರು ದಿನಾ ನೋಡುತ್ತಾರಲ್ಲ.

ಪಂಚಾಯತ್ ಚುನಾವಣೆಗೆ ನಿಲ್ಲುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನದೊಂದು ಮನವಿ. ನಿಮ್ಮ ಚಿಹ್ನೆ ಕುಕ್ಕರ್ ಇರಲಿ, ಫ್ಯಾನ್ ಇರಲಿ, ಓಟು ಕೇಳಲು ನಮ್ಮ ಮನೆಗೆ ಬರುವ ಮೊದಲು ಆ ಟವರಿನ ಬ್ಯಾಟರಿ ಬದಲಿಸುವುದು ಯಾರ ಕೆಲಸ ಎಂದು ವಿಚಾರಿಸಿಕೊಂಡು ಬನ್ನಿ. ಟವರ್ ತಂದದ್ದು ಯಾರು ಎಂದು ನಾನು ಕೇಳುವುದಿಲ್ಲ, ಬೇಕಾದರೆ ಇಬ್ಬರೂ ಅರ್ಧರ್ಧ ಬರೆದುಕೊಳ್ಳಿ. ಮನೆಯಲ್ಲಿದ್ದೇನೋ ಇಲ್ಲವೋ ಎಂದು ಫೋನ್ ಮಾಡಿ ಬರುವುದು ಬೇಡ. ಮಳೆಗಾಲವಾದರೆ ಸಿಗುವುದಿಲ್ಲ.