ಒಂದೆಳೆ ಪಾಕದ ಕುಬಸ

ನಮ್ಮ ಕಡೆ ಸೀಮಂತಕ್ಕೆ ಕುಬಸ ಎನ್ನುತ್ತೇವೆ. ಕುಪ್ಪಸ ಎಂಬ ಪುಸ್ತಕದ ಮಾತು ಬೆಳಗಾವಿ ಮಂದಿಯ ಬಾಯಲ್ಲಿ ಸವೆದು ಸವೆದು ಹೀಗಾಗಿದೆ. ನಮ್ಮ ಕಚೇರಿಗೆ ಮಂಡ್ಯದಿಂದ ವರ್ಗವಾಗಿ ಬಂದಿದ್ದ ಗೆಳೆಯರೊಬ್ಬರನ್ನು ಒಮ್ಮೆ, ‘ನಾಳೆ ನಮ್ಮ ತಂಗಿ ಕುಬಸ ಐತಿ, ಊಟಕ್ಕ ಬರ್ರಿ’ ಎಂದು ಕರೆದಿದ್ದೆ. ‘ಬ್ಲೌಸ್ ಹೊಲಿಸಿದ್ದಕ್ಕೆಲ್ಲ ಊಟ ಹಾಕ್ತೀರಾ ಸಾರ್ ನೀವು?’ ಎಂದು ಅವರು ಕಣ್ಣರಳಿಸಿದ್ದರು.

ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಬಸುರಿಗೆ ಐದರಲ್ಲೋ ಏಳರಲ್ಲೋ ತವರಿನವರು ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ, ಹಸಿರು ಬಳೆ, ಖಣ ಒಯ್ದು ಉಡಿ ತುಂಬಿ ಬರುವ ಕಾರ್ಯ ಇದು. ಹೆಸರು ಮಾತ್ರ ಸೀರೆಗೂ ಹೋಗಲಿಲ್ಲ, ಬಳೆಗೂ ಹೋಗಲಿಲ್ಲ, ಕುಬಸಕ್ಕೇ ಅಂಟಿಕೊಂಡಿತು. ಖಣವೆಂದರೆ ಗುಳೇದಗುಡ್ಡದ್ದೇ ಆಗಬೇಕು. ಬಾಗಲಕೋಟೆ ಜಿಲ್ಲೆಯ ಆ ಊರಿನ ಮಗ್ಗದಿಂದ ಇಳಿಯುವ ಒಂದು ಖಣದಲ್ಲಿ ಒಂದು ಕುಬಸ. ಮೈತುಂಬ ಸಾಸಿವೆ ಚೆಲ್ಲಿದಂತೆ ಪುಟ್ಟ ಬುಟ್ಟಾ, ಅಂಚಿಗೆ ದಡಿ. ಇಳಕಲ್ ಸೀರೆಗೆ ಅದೇ ಜೋಡಿ.

ನನ್ನ ತಂಗಿಯ ಮಗಳನ್ನು ಖಾನಾಪುರಕ್ಕೆ ಕೊಟ್ಟಿದೆ. ಆಷಾಢ ಕಳೆಯಲಿ ಎಂದು ಕಾದು, ಶ್ರಾವಣದ ಒಂದು ಭಾನುವಾರ ಕುಬಸ ಎಂದು ಗೊತ್ತಾಯಿತು. ಮೂರು ವಾರ ಮುಂಚೆ ಹುಡುಗಿ ನನ್ನ ಫೋನಿಗೆ ಒಂದು ಚಿತ್ರ ಕಳಿಸಿದಳು. ಯಾವುದೋ ದೇಶದವರು ಮಾಡಿದ ಅಂಗಿಯಾಕಾರದ ಕೇಕು: ಕಾಲರು, ಕಿಸೆ, ಗುಂಡಿ, ಮೇಲೊಂದು ಟೈ. ಕೆಳಗೆ ಧ್ವನಿಸಂದೇಶ: ‘ಮಾಮಾ, ನನಗ ಕುಬಸದ ಕೇಕು ಬೇಕು. ಖರೇ ಕುಬಸದಂಗ ಇರಬೇಕು, ತಿನ್ನಾಕ ಬರಬೇಕು. ಬಸರಿ ಬಯಕಿಗೆ ಇಲ್ಲ ಅನ್ನಬಾರದ ನೋಡ.’

ತಪ್ಪು ನನ್ನದೇ. 2020ರ ಲಾಕ್‌ಡೌನಿನಲ್ಲಿ, ಹೊಸದಾಗಿ ನಿವೃತ್ತನಾದವನು ಸುಮ್ಮನೆ ಕೂತಿರದೆ, ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ಕಿತ್ತು, ಮೊಟ್ಟೆಯಿಲ್ಲದ ಕೇಕು ಮಾಡಲು ಕಲಿತೆ. ಮೊಸರು ಮತ್ತು ಸೋಡಾ ಸೇರಿದರೆ ಮೊಟ್ಟೆಯ ಕೆಲಸ ಅರ್ಧ ಆಗಿಬಿಡುತ್ತದೆ. ಉಳಿದರ್ಧ ದೇವರದು. ಆಮೇಲೆ ಓವನ್ ಬಂತು. ಟಿಳಕವಾಡಿಯ ನಮ್ಮ ಗಲ್ಲಿಯ ಹುಡುಗರ ಬಾಯಲ್ಲಿ ‘ಕೇಕ್ ಕಾಕಾ’ ಆದೆ. ಮೂವತ್ತೈದು ವರ್ಷ ಫೈಲಿಗೆ ಸಹಿ ಹಾಕಿದ್ದಕ್ಕೆ ಇಂಥ ಬಿರುದು ಯಾರೂ ಕೊಟ್ಟಿರಲಿಲ್ಲ. ಹಾಗಾಗಿ ಉಬ್ಬಿದ್ದೆ.

ತಿನ್ನುವ ಬಟ್ಟೆ ನಮಗೇನೂ ಹೊಸದಲ್ಲ. ಬೇಕರಿಗಳಲ್ಲಿ ಸೊಂಟದವರೆಗೆ ಕೇಕಿನಲ್ಲಿ ಹೂತ ಬಾರ್ಬಿ ಗೊಂಬೆಯನ್ನು ನೋಡಿದವರೇ ನಾವೆಲ್ಲ; ಆ ಕೇಕು ಅಂದರೆ ಅವಳ ಲಂಗವೇ. ಸಕ್ಕರೆಯಲ್ಲಿ ಆಕಾರ ಮಾಡುವುದನ್ನಂತೂ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಗೌರಿ ಹುಣ್ಣಿಮೆ ಬಂತೆಂದರೆ ಕಟ್ಟಿಗೆಯ ಅಚ್ಚಿಗೆ ಪಾಕ ಹೊಯ್ದು ಆನೆ, ನವಿಲು, ತೇರು ಇಳಿಸಿ ಸಕ್ಕರೆ ಆರತಿ ಮಾಡುವ ಸೀಮೆ ಇದು. ಆದರೆ ಅಚ್ಚಿನಲ್ಲಿ ಆನೆ ಇದೆ, ಕುಬಸ ಇಲ್ಲ. ಅಟ್ಟ ಹತ್ತಿ ಹುಡುಕಿ ಬಂದೇ ಹೇಳುತ್ತಿದ್ದೇನೆ.

ಮಾದರಿಗೆಂದು ಶಹಾಪುರದ ಖಡೇಬಜಾರಿಗೆ ಹೋಗಿ ಹಸಿರು ಮೈಯ, ಕೆಂಪು ದಡಿಯ ಒಂದು ಖಣ ತಂದೆ. ಕೇಕಿಗೆ ಮಾದರಿಯೂ ಆಯಿತು, ಆಮೇಲೆ ಅದೇ ಖಣ ಉಡಿಗೂ ಆಯಿತು ಎಂಬ ಲೆಕ್ಕ. ಅಲ್ಲಿಂದ ನೇರ ನಮ್ಮ ದರ್ಜಿ ಮಾಸ್ತರರ ಬಳಿಗೆ.

‘ಮಾಸ್ತರ, ಒಂದು ಕುಬಸ ಹೆಂಗ ಕತ್ತರಸ್ತೀರಿ, ಸ್ವಲ್ಪ ಕಾಗದದ ಮ್ಯಾಲ ಬರದು ಕೊಡ್ರಿ.’

‘ಅಳತಿ?’

‘ಹದಿನಾಲ್ಕು ಇಂಚು ಅಗಲ, ಹನ್ನೆರಡು ಇಂಚು ಉದ್ದ, ಎರಡೂವರಿ ಇಂಚು ದಪ್ಪ.’

ಮಾಸ್ತರರು ಕನ್ನಡಕ ಹಣೆಗೇರಿಸಿದರು. ‘ಯಾರಿಗ್ರೀ ಇದು?’

‘ಐವತ್ತು ಮಂದಿಗೆ’ ಎಂದೆ. ಅವರು ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. ವಿಷಯ ತಿಳಿದ ಮೇಲೆ ಮಾತ್ರ ಉಮೇದಿಯಿಂದ ಕಾಗದ ಹಾಸಿ ಬೆನ್ನು, ಎದುರು, ತೋಳು, ಪಟ್ಟಿ ಎಲ್ಲ ಗೆರೆ ಎಳೆದು ಕೊಟ್ಟರು. ಹೊಲಿಗೆಯ ಗುರುತಿಗೆ ಹಿಟ್ಟಿನಲ್ಲಿ ಅರ್ಧ ಇಂಚು ಬಿಡಬೇಕಿಲ್ಲ ಎಂದು ನಾನು, ಬಿಡಲೇಬೇಕು ಎಂದು ಅವರು. ಬರುವಾಗ ತಮ್ಮ ಹಳೆಯ ಹಿತ್ತಾಳೆ ಅಂಗುಸ್ತಾನ ಕೊಟ್ಟು, ‘ಬುಟ್ಟಾ ಒತ್ತಾಕ ಇದು ನಡೀತೈತಿ, ತೊಳಕೊಳ್ರಿ’ ಎಂದರು. ಬೆರಳ ತುದಿಯಷ್ಟು ಲೋಹದಲ್ಲಿ ಅಷ್ಟು ಸಣ್ಣ ಸಣ್ಣ ಕುಳಿಗಳಿರುತ್ತವೆ ಎಂಬುದನ್ನು ನಾನು ಅರವತ್ತೈದನೆಯ ವಯಸ್ಸಿಗೆ ಗಮನಿಸಿದೆ.

ಕೇಕಿನ ಮೈಗೆ ಬಟ್ಟೆಯಂತೆ ಹೊದಿಸುವ ಸಕ್ಕರೆಯ ಕಣಕಕ್ಕೆ ಫಾಂಡಂಟ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರಿಗೆ ನಡೆಯುವ ಕೇಕ್ ಪ್ರದರ್ಶನದಲ್ಲಿ ಅರಮನೆ, ರೈಲು, ಏನೆಲ್ಲ ನಿಲ್ಲಿಸುತ್ತಾರಲ್ಲ, ಅಲ್ಲಿ ನಾನು ಇದನ್ನು ನೋಡಿ ಮರುಳಾಗಿದ್ದೆ. ಡಿಸೆಂಬರಿನ ಒಣ ಹವೆ ಬೇರೆ, ಬೆಳಗಾವಿಯ ಮಳೆಗಾಲ ಬೇರೆ. ಸಕ್ಕರೆ ಗಾಳಿಯೊಳಗಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಪ್ರಯೋಗಕ್ಕೆಂದು ಹೊದಿಸಿದ ಫಾಂಡಂಟು ಸಂಜೆಯ ಹೊತ್ತಿಗೆ ಬೆವರಿ, ರಾತ್ರಿಗೆ ತೋಳು ಜಾರಿ, ಬೆಳಗ್ಗೆ ನೋಡಿದರೆ ಹಗ್ಗದ ಮೇಲೆ ಒಣಗದೆ ಉಳಿದ ಒದ್ದೆ ಬನಿಯನ್ನಿನಂತೆ ತಟ್ಟೆಯ ಅಂಚಿನಿಂದ ನೇತಾಡುತ್ತಿತ್ತು.

ದಾರಿ ತೋರಿಸಿದವಳು ನನ್ನ ಹೆಂಡತಿ. ‘ಕಾಜು ಬರ್ಫಿ ಲಟ್ಟಿಸಿ ಹೊಚ್ಚ್ರಿ. ಊರಾಗ ಕಾಜು ಇರಲಾರದಂಗ ಸಕ್ಕರಿ ಹಿಂದ ಯಾಕ ಬಿದ್ದೀರಿ?’ ಮಾತು ನಿಜ. ಖಾನಾಪುರ, ಚಂದಗಡದ ಕಡೆ ಬೆಳೆಯುವ ಬೆಳೆ ಅದು. ರವಿವಾರಪೇಟೆಯಿಂದ ಒಂದು ಕಿಲೋ ತುಕಡಿ ಗೋಡಂಬಿ ತಂದೆ. ಹೇಗೂ ಪುಡಿ ಮಾಡುವುದಕ್ಕೆ ಇಡೀ ಗೋಡಂಬಿಯ ದುಡ್ಡು ಯಾಕೆ? ಮಿಕ್ಸರನ್ನು ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಬೇಕು. ಅರ್ಧ ಕಿಲೋ ಸಕ್ಕರೆಯ ಪಾಕ ಒಂದೆಳೆಗೆ ಬಂದ ಕೂಡಲೆ ಪುಡಿ ಸುರಿದು ಕೈಯಾಡಿಸಬೇಕು. ನೇಕಾರನಿಗೂ ಎಳೆ, ಪಾಕದವನಿಗೂ ಎಳೆ ಎಂಬುದು ಆಗ ಹೊಳೆಯಿತು. ನಾನು ಇದನ್ನು ಗಟ್ಟಿಯಾಗಿ ಹೇಳಿ ಹೆಂಡತಿಯ ಮೆಚ್ಚುಗೆಗಾಗಿ ಒಂದು ಗಳಿಗೆ ಕಾದೆ. ಆ ಗಳಿಗೆಯಲ್ಲಿ ಪಾಕ ಒಂದೆಳೆ ದಾಟಿತ್ತು.

ಹಸಿರಿಗೆ ಅಂಗಡಿಯ ಬಣ್ಣ ಬೇಡ, ಬಸುರಿ ತಿನ್ನುವುದು ಎಂದು ಪಿಸ್ತಾ ಅರೆದು ಹಾಕಿದೆ. ಕೆಂಪು ದಡಿಗೆ ಬೀಟ್‌ರೂಟಿನ ರಸ. ‘ಹತ್ತ ಸಲ ಒಗದ ಖಣ ಆಗೇತಿ’ ಎಂಬ ತೀರ್ಪು ಬಂತು. ಇರಲಿ, ಬಣ್ಣ ಬಿಡದ ಖಣ ಯಾವುದಿದೆ! ಅಗಲದ ತಟ್ಟೆಯಲ್ಲಿ ಮೈ, ಬ್ರೆಡ್ಡಿನ ಡಬ್ಬಿಯಲ್ಲಿ ಎರಡು ತೋಳು ಬೇಯಿಸಿದೆ. ಪದರಗಳ ನಡುವೆ ಕ್ರೀಮಿನ ಬದಲು ಕುಂದಾ. ಬೆಳಗಾವಿಯಿಂದ ಹೋದವರ ಕೈಯಲ್ಲಿ ಕುಂದಾ ಇಲ್ಲದಿದ್ದರೆ ಯಾವ ಊರಿನ ಬೀಗರೂ ನೀರು ಕೊಡುವುದಿಲ್ಲ. ಹೀಗೆ ಮಾಡಿದರೆ ಗಾರೆಯೂ ಆಯಿತು, ಮರ್ಯಾದೆಯೂ ಉಳಿಯಿತು. ಕಾಜು ಹಾಳೆಯನ್ನು ಎರಡು ಪ್ಲಾಸ್ಟಿಕ್ಕಿನ ನಡುವೆ ಲಟ್ಟಿಸಿ ಹೊದಿಸಿ, ಖಣವನ್ನು ಮೇಜಿನ ಮೇಲೆ ಹರಡಿಕೊಂಡು, ನೋಡಿ ನೋಡಿ ಅಂಗುಸ್ತಾನದಿಂದ ಬುಟ್ಟಾ ಒತ್ತಿದೆ. ಎದುರಿಗೆ ಐದು ಹುಕ್ಕು, ಐದು ಕಾಜಾ. ಕಾಜು ಹಿಟ್ಟಿನಲ್ಲಿ ಕಾಜಾ ಕೊರೆಯುವಾಗ ರಾತ್ರಿ ಒಂದು ಗಂಟೆ. ನನ್ನಷ್ಟಕ್ಕೆ ನಾನೇ ನಕ್ಕೆ. ಪಾಕದ ಪಾಠ ನೆನಪಿದ್ದುದರಿಂದ ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ಗೊತ್ತು ಮಾಡಿದ್ದ ಕ್ರೂಸರಿನಲ್ಲಿ ಹೆಂಗಸರು, ಹೋಳಿಗೆ, ಕರಿಗಡಬು, ಮತ್ತೆ ಹೆಂಗಸರು ತುಂಬಿದ್ದರು. ಕೇಕಿಗೆ ಜಾಗ ಇಲ್ಲ. ಆದ್ದರಿಂದ ನನಗೂ ಇಲ್ಲ. ರಟ್ಟಿನ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ. ಇಬ್ಬರ ಸೀಟಿನಲ್ಲಿ ಕಿಟಕಿಯ ಪಕ್ಕ ಪೆಟ್ಟಿಗೆ, ಈ ಕಡೆ ನಾನು.

‘ಏನೈತ್ರೀ ಇದರಾಗ? ಲಗೇಜ ತಗಸಬೇಕಾಗತೈತಿ’ ಎಂದ ಕಂಡಕ್ಟರ್.

‘ಕುಬಸ.’

‘ಇಷ್ಟ ದೊಡ್ಡ ಪೆಟಿಗ್ಯಾಗ ಒಂದ ಕುಬಸ?’ ಮುಚ್ಚಳ ಎತ್ತಿ ತೋರಿಸಿದೆ. ಅವನು ಬಗ್ಗಿ ನೋಡಿ, ಹಿಂದಿನ ಸೀಟಿನ ಹೆಂಗಸರನ್ನೂ ಕರೆದು ತೋರಿಸಿ, ಗಂಭೀರವಾಗಿ ಹೇಳಿದ: ‘ಹೆಣ್ಣಮಕ್ಕಳ ಅರಿವಿ ಐತಿ. ಶಕ್ತಿ ಯೋಜನಾದಾಗ ಬರತೈತಿ, ಇದಕ್ಕ ಫ್ರೀ. ನಿಮಗ ಟಿಕೀಟ ಐತಿ.’ 2023ರ ಜೂನ್ 11ರಿಂದ ನಾಡಿನ ಹೆಂಗಸರು ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದಾರೆ. ಗಂಡಸಾಗಿ ಹುಟ್ಟಿದ್ದಕ್ಕೆ ನಾನು ಅವತ್ತಿನಷ್ಟು ನಾಚಿದ್ದಿಲ್ಲ.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಪೀರನವಾಡಿ, ಮಚ್ಛೆ ದಾಟುವ ತನಕ ಪೆಟ್ಟಿಗೆಯ ಮೇಲೆ ಕೈಯಿಟ್ಟು ಎಳೆಗೂಸಿನಂತೆ ಕಾದೆ. ಮುಂದೆ ಎಲ್ಲೋ ಒಂದು ಉಬ್ಬಿನಲ್ಲಿ ಬಸ್ಸು ಎತ್ತಿ ಕುಕ್ಕಿತು. ಒಳಗಿನಿಂದ ‘ಟಪ್’ ಎಂದು ಸಣ್ಣ ಸದ್ದು. ಮುಚ್ಚಳ ತೆರೆಯುವ ಧೈರ್ಯವಾಗಲಿಲ್ಲ. ಖಾನಾಪುರ ಮುಟ್ಟಿದಾಗ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಬರುವ ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಕೇಕು ತೇಲುತ್ತದೆಯೋ ಮುಳುಗುತ್ತದೆಯೋ ಎಂಬ ಕೆಟ್ಟ ಯೋಚನೆಯೂ ಬಂತು.

ಬೀಗರ ಮನೆಯಲ್ಲಿ ಪೆಟ್ಟಿಗೆ ತೆರೆದರೆ, ಬಲಭುಜದಿಂದ ಎದೆಯವರೆಗೆ ಗದ್ದೆ ಒಣಗಿದಂತೆ ಬಿರುಕು. ಒಂದೆಳೆ ದಾಟಿದ ಪಾಕ ತನ್ನ ಸೇಡು ತೀರಿಸಿಕೊಂಡಿತ್ತು. ನನ್ನ ತಂಗಿ, ‘ಅಣ್ಣಾ, ಹರದ ಕುಬಸ ತಂದೇನೋ?’ ಎಂದಳು. ಅಷ್ಟರಲ್ಲಿ ಆ ಮನೆಯ ಅಜ್ಜ ಎದ್ದು ಬಂದರು. ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಹಂಚು, ಗಡಿಗೆ, ಕುಂಬಾರಿಕೆ ಕಲಿಸುವ ಖಾದಿ ಗ್ರಾಮೋದ್ಯೋಗದ ಸಂಸ್ಥೆ ಎಲ್ಲ ಅಲ್ಲಿವೆ. ಅಜ್ಜ ಹರೆಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ಬಿರುಕಿನೊಳಗೆ ಒಂದಿಷ್ಟು ಕುಂದಾ ತುರುಕಿ, ಮೇಲಿನಿಂದ ಕೆಳಗೆ ಒಂದೇ ಗೀರು ಎಳೆದರು. ‘ಮಣ್ಣ ಇರಲಿ, ಗ್ವಾಡಂಬಿ ಇರಲಿ, ಪಸಿ ಕಡಿಮಿ ಆದ್ರ ಸೀಳತೈತಿ’ ಎಂದು ಕೈ ತೊಳೆದುಕೊಂಡು ಹೋದರು. ಕಂದು ಬಣ್ಣದ ತೇಪೆ ಹಾಗೇ ಉಳಿಯಿತು. ನೋಡಿದವರು ಅದು ಕಸೂತಿ ಎಂದುಕೊಂಡರು, ನಾನೂ ಹೌದೆಂದೆ.

ಆರತಿಯಾಯಿತು. ಹುಡುಗಿ ಸೆರಗು ಒಡ್ಡಿ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು ಒಂದೊಂದಾಗಿ ಉಡಿ ಸೇರಿದವು. ‘ಸೋದರಮಾವನ ಖಣ ತರ್ರಿ’ ಎಂದಳು ಆ ಮನೆಯ ಆಯಿ. ನಾನು ಚೀಲಕ್ಕೆ ಕೈ ಹಾಕಿದೆ. ಚೀಲದಲ್ಲಿ ಅಂಗುಸ್ತಾನ ಇತ್ತು. ಖಣ ಟಿಳಕವಾಡಿಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಉಳಿದ ಕಾಜು ಹಿಟ್ಟಿನ ತಟ್ಟೆಯ ಕೆಳಗೆ ಇತ್ತು.

ಹೆಂಡತಿ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಸಭೆಯೆಲ್ಲ ಮೆಲ್ಲಗೆ ಕೇಕಿನ ಕಡೆ ತಿರುಗಿತು.

‘ಅದನ್ನ ಹಾಕ್ರಿ ಹಂಗಾರ’ ಎಂದಳು ಆಯಿ.

‘ಉಡಿಯಾಗ ಹಿಡಿಯೂದಿಲ್ರಿ. ಕೊಯ್ದು ಒಂದು ತುಣುಕು...’ ಎಂದು ಯಾರೋ ಚಾಕು ತಂದರು.

ಆಯಿ ಗದರಿದಳು. ‘ಏಳ ತಿಂಗಳ ಬಸರಿ ಮುಂದ ಕುಬಸಕ್ಕ ಚಾಕೂ ಹಚ್ಚತೀರೇನು? ಹೊಲಿಗಿ ಬಿಚ್ಚ್ರಿ. ಒಂದು ತೋಳು ಸಾಕು.’

ಎಡದ ತೋಳನ್ನು ಎರಡೂ ಕೈಯಿಂದ ಹಿಡಿದು, ಕುಂದಾದ ಹೊಲಿಗೆ ಬಿಚ್ಚಿ, ಅಕ್ಕಿ ಕೊಬ್ಬರಿಯ ಮೇಲೆ ಇಟ್ಟೆ. ಅರ್ಧ ಇಂಚು ಬಿಡಬೇಕು ಎಂದಿದ್ದ ಮಾಸ್ತರರ ಮಾತು ಅಲ್ಲಿ ಅರ್ಥವಾಯಿತು. ಹುಡುಗಿ ಐದು ನಿಮಿಷ ತಡೆದಳು. ಆಮೇಲೆ ಉಡಿಯೊಳಗಿನಿಂದಲೇ ತೋಳು ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ಹುಡುಗರು ಹುಕ್ಕು, ಪಟ್ಟಿ, ಬೆನ್ನು ಎಂದು ಕೇಳಿ ಕೇಳಿ ಬಿಚ್ಚಿಸಿಕೊಂಡು ತಿಂದರು. ತೇಪೆಯ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇತ್ತು.

ಮರುದಿನ ಮೇಜಿನ ಮೇಲಿನಿಂದ ಖಣ ಎತ್ತಿದರೆ ರೂಪಾಯಿಯಷ್ಟಗಲ ಗೋಡಂಬಿ ಎಣ್ಣೆಯ ಕಲೆ. ಎರಡು ಸಲ ಒಗೆದರೂ ಹೋಗಲಿಲ್ಲ. ಹುಡುಗಿಯ ಹಳೆಯ ಕುಬಸವೊಂದರ ಅಳತೆಯ ಜೊತೆ ಅದನ್ನೇ ಮಾಸ್ತರರಿಗೆ ಕೊಟ್ಟೆ. ಕಲೆ ಕಂಕುಳಿಗೆ ಹೋಗುವಂತೆ ಕತ್ತರಿಸಿ ಹೊಲಿದರು. ಕೂಲಿ ಬೇಡ ಎಂದರು, ಕೇಕು ಉಳಿದಿದ್ದರೆ ಒಂದು ತುಣುಕು ಕೊಡಿ ಎಂದರು. ಉಳಿದಿರಲಿಲ್ಲ.